ನೆಲದ ಮೇಲಿನ ನೀರು ಎಲ್ಲಿಗೆ ಹೋಯಿತು ಎಂದು ಮಗು ಕೇಳಿದಾಗ

ಪ್ರಶ್ನೆ: ನನ್ನ ಮಗನಿಗೆ ಐದೂವರೆ ವರ್ಷ. ಒರೆಸಿದ ನೆಲ ಒಣಗಿದ್ದನ್ನು ನೋಡಿ ‘ಅಮ್ಮಾ, ನೀರು ಎಲ್ಲಿಗೆ ಹೋಯಿತು?’ ಎಂದು ಕೇಳಿದ. ಕೆಲಸದ ಗಡಿಬಿಡಿಯಲ್ಲಿ ‘ಸೂರ್ಯ ಕುಡಿದುಬಿಟ್ಟ’ ಎಂದೆ. ಆಗ ನಕ್ಕ. ಈಗ ಬಿಸಿಲು ಜೋರಾದರೆ ಸಾಕು, ಕೆರೆಯ ನೀರನ್ನೆಲ್ಲ ಸೂರ್ಯ ಕುಡಿದು ಮುಗಿಸುತ್ತಾನೆ, ಮೀನುಗಳು ಸಾಯುತ್ತವೆ ಎಂದು ಅಳುತ್ತಾನೆ. ಬಾಟಲಿಗೆ ನೀರು ತುಂಬಿಸಿ ಹಾಸಿಗೆಯ ಪಕ್ಕದಲ್ಲಿ ಇಟ್ಟುಕೊಂಡು ಮಲಗುತ್ತಾನೆ. ತಣ್ಣೀರಿನ ಲೋಟದ ಹೊರಗೆ ಹನಿ ಕಂಡರೆ ಲೋಟ ಸೋರುತ್ತಿದೆ ಎನ್ನುತ್ತಾನೆ. ಶಾಲೆಯಲ್ಲಿ ಘನ, ದ್ರವ, ಅನಿಲ ಎಂದು ಬಾಯಿಪಾಠ ಮಾಡಿಸಿ, ಜಲಚಕ್ರದ ಚಿತ್ರಕ್ಕೆ ಬಣ್ಣ ಹಚ್ಚಿಸಿದ್ದಾರೆ. ಎಲ್ಲವನ್ನೂ ಪಟಪಟನೆ ಒಪ್ಪಿಸುತ್ತಾನೆ, ಆದರೆ ಮೋಡ ಎಂದರೇನು ಎಂದರೆ ‘ಹತ್ತಿ’ ಎನ್ನುತ್ತಾನೆ. ಈ ವಯಸ್ಸಿನ ಮಗುವಿಗೆ ನಿಜವನ್ನು ಹೇಳಿದರೆ ಅರ್ಥವಾಗುತ್ತದೆಯೇ? ನೀರು ಕುದಿಸಿ ತೋರಿಸು ಎಂದು ಅಕ್ಕ ಹೇಳುತ್ತಾಳೆ. ಮನೆಯಲ್ಲಿ ಎರಡು ವರ್ಷದ ಮಗಳೂ ಇರುವುದರಿಂದ ನನಗೆ ಹೆದರಿಕೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳಿವೆ. ಮಗನ ಹೆದರಿಕೆಯನ್ನು ಹೇಗೆ ಇಳಿಸುವುದು ಎನ್ನುವುದು ಒಂದು, ನೀರಿನ ಬಗ್ಗೆ ಅವನಿಗೆ ಎಷ್ಟು ಹೇಳಿಕೊಡುವುದು ಎನ್ನುವುದು ಇನ್ನೊಂದು. ಚಿಕ್ಕ ಮಕ್ಕಳಿಗೆ ವಿಜ್ಞಾನ ಕಲಿಸುವ ಕೆಲಸದಲ್ಲಿ ನಾನು ಕಂಡಂತೆ ಎರಡಕ್ಕೂ ಮದ್ದು ಒಂದೇ. ಕಾಣೆಯಾದ ನೀರು ಈಗ ಎಲ್ಲಿದೆ, ಹೇಗೆ ಮರಳಿ ಬರುತ್ತದೆ ಎನ್ನುವುದನ್ನು ಅವನು ತನ್ನ ಕಣ್ಣಿನಿಂದಲೇ ಕಾಣಬೇಕು.

ಅವನ ಯೋಚನೆಯನ್ನು ಒಮ್ಮೆ ಅವನ ಕಡೆಯಿಂದ ನೋಡಿ. ಕುಡಿದ ನೀರು ಮುಗಿದುಹೋಗುತ್ತದೆ, ಲೋಟ ಖಾಲಿಯಾಗುತ್ತದೆ. ಸೂರ್ಯನೋ ಬಹಳ ದೊಡ್ಡವನು, ದಿನವೂ ಬರುತ್ತಾನೆ. ಹಾಗಿದ್ದರೆ ಕೆರೆ ಎಷ್ಟು ದಿನ ಉಳಿದೀತು? ನೀವು ಕೊಟ್ಟ ಮಾತನ್ನು ನಂಬಿ ಅವನು ಹಾಕಿರುವ ಲೆಕ್ಕದಲ್ಲಿ ತಪ್ಪೇನಿಲ್ಲ. ನೀರನ್ನು ಯಾರು ಒಯ್ದರು ಎಂದು ಅವನಿಗೆ ತಿಳಿಯಿತು, ಎಲ್ಲಿಟ್ಟಿದ್ದಾರೆ ಎಂದು ತಿಳಿಯಲಿಲ್ಲ. ಇಂತಹ ಉತ್ತರವನ್ನು ಎಲ್ಲ ಮನೆಗಳಲ್ಲೂ ಹಿರಿಯರು ಕೊಡುತ್ತಾರೆ, ಅದಕ್ಕಾಗಿ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ಅದನ್ನು ಬಿಡಿಸಿ ಹೇಳಬೇಕು, ಅಷ್ಟೇ.

ಐದು ವರ್ಷದ ಮಗುವಿಗೆ ಇದೆಲ್ಲ ಅರ್ಥವಾಗುವುದಿಲ್ಲ ಎನ್ನುವ ನಂಬಿಕೆ ಅರ್ಧ ಸರಿ. ಅಣುಗಳ ಮಾತು ಅವನಿಗೆ ಖಂಡಿತ ಬೇಡ. ಕಾಣದ ವಸ್ತುವೂ ಇರಬಲ್ಲದು ಎನ್ನುವುದನ್ನು ಮಾತ್ರ ಈ ವಯಸ್ಸಿನ ಮಕ್ಕಳು ಬಹಳ ಚೆನ್ನಾಗಿ ಹಿಡಿಯುತ್ತಾರೆ. ಗಾಳಿ ಕಾಣುವುದಿಲ್ಲ, ಆದರೂ ಕೆನ್ನೆಗೆ ತಾಗುತ್ತದೆ. ಪಕ್ಕದ ಕೋಣೆಯಲ್ಲಿ ಬಿಡಿಸಿದ ಹಣ್ಣಿನ ಪರಿಮಳ ಮೂಗಿಗೆ ಬರುತ್ತದೆ. ಅವನಿಗೆ ಕಷ್ಟವಾಗುವುದು ಬೇರೆಯೇ ಒಂದು ವಿಷಯ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಝಾನ್ ಪಿಯಾಜೆ ತೋರಿಸಿದಂತೆ, ಅಗಲವಾದ ಲೋಟದ ನೀರನ್ನು ಮಗುವಿನ ಎದುರಿಗೇ ಎತ್ತರದ ಸಪೂರ ಲೋಟಕ್ಕೆ ಸುರಿದರೆ, ಸುಮಾರು ಏಳು ವರ್ಷದೊಳಗಿನ ಮಕ್ಕಳಲ್ಲಿ ಹೆಚ್ಚಿನವರು ನೀರು ಜಾಸ್ತಿಯಾಯಿತು ಎನ್ನುತ್ತಾರೆ. ಆಕಾರ ಬದಲಾದರೂ ಪ್ರಮಾಣ ಅಷ್ಟೇ ಇರುತ್ತದೆ ಎನ್ನುವುದು ಆ ವಯಸ್ಸಿನಲ್ಲಿ ಇನ್ನೂ ಗಟ್ಟಿಯಾಗಿರುವುದಿಲ್ಲ. ಹೀಗಿರುವಾಗ ಪೂರ್ತಿ ಕಾಣೆಯಾದ ನೀರು ‘ಇದೆ’ ಎಂದು ಒಪ್ಪುವುದು ಸಣ್ಣ ಕೆಲಸವೇ? ಒಮ್ಮೆ ಹೇಳಿದ ಮಾತ್ರಕ್ಕೆ ಅದು ಆಗುವುದಿಲ್ಲ. ಮತ್ತೆ ಮತ್ತೆ ಎದುರಾಗಬೇಕು.

ದೊಡ್ಡವರೂ ಇಲ್ಲಿ ಬಹಳ ಕಾಲ ಎಡವಿದ್ದಾರೆ. ನದಿಗಳನ್ನು ತುಂಬಿಸುವಷ್ಟು ಮಳೆ ಬೀಳುವುದಿಲ್ಲ, ಸಮುದ್ರದ ನೀರೇ ನೆಲದೊಳಗಿಂದ ಬೆಟ್ಟಕ್ಕೆ ಏರಿ ಬುಗ್ಗೆಯಾಗುತ್ತದೆ ಎಂದು ಯೂರೋಪಿನ ವಿದ್ವಾಂಸರು ಶತಮಾನಗಳ ಕಾಲ ನಂಬಿದ್ದರು. ಫ್ರಾನ್ಸಿನ ಪಿಯರ್ ಪೆರೋ ಸೇನ್ ನದಿಯ ಮೇಲ್ಭಾಗದ ಮಳೆಯನ್ನು ಲೆಕ್ಕ ಹಾಕಿ, ನದಿಯಲ್ಲಿ ಹರಿಯುವ ನೀರಿನ ಸುಮಾರು ಆರು ಪಟ್ಟು ಮಳೆ ಅಲ್ಲಿ ಬೀಳುತ್ತದೆ ಎಂದು ಪ್ರಕಟಿಸಿದ್ದು 1674ರಲ್ಲಿ. ನ್ಯೂಜಿಲೆಂಡಿನಲ್ಲಿ 8ರಿಂದ 17 ವರ್ಷದವರನ್ನು ಮಾತನಾಡಿಸಿ ನಡೆಸಿದ, 1983ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕುದಿಯುವ ನೀರಿನ ಗುಳ್ಳೆಗಳೊಳಗೆ ಏನಿದೆ ಎಂಬ ಪ್ರಶ್ನೆಗೆ ಹಲವರು ಗಾಳಿ ಎಂದರು, ಕೆಲವರು ಶಾಖ ಎಂದರು, ಇನ್ನು ಕೆಲವರು ಜಲಜನಕ ಮತ್ತು ಆಮ್ಲಜನಕ ಎಂದರು. ಕಾಯಿಸಲು ಶುರುಮಾಡಿದಾಗ ಪಾತ್ರೆಯ ಗೋಡೆಗೆ ಅಂಟಿಕೊಳ್ಳುವ ಪುಟ್ಟ ಗುಳ್ಳೆಗಳಲ್ಲಿ ನೀರಿನಲ್ಲಿ ಬೆರೆತಿದ್ದ ಗಾಳಿ ಇರುವುದು ನಿಜ. ಆದರೆ ಕೊತಕೊತ ಕುದಿಯುವಾಗ ಏಳುವ ದೊಡ್ಡ ಗುಳ್ಳೆಗಳ ತುಂಬ ಇರುವುದು ನೀರಿನ ಆವಿಯೇ. ಹದಿನೇಳು ವರ್ಷದವರು ತಡವರಿಸುವಲ್ಲಿ ನಿಮ್ಮ ಮಗ ತಡವರಿಸಿದರೆ ಆತಂಕ ಬೇಡ.

ಮೊದಲು ಹೆದರಿಕೆಯ ವಿಷಯ. ಅವನು ಸಮಾಧಾನವಾಗಿರುವ ಹೊತ್ತು ನೋಡಿ ನೇರವಾಗಿ ಹೇಳಿ: ‘ಸೂರ್ಯ ಕುಡಿದ ಎಂದು ಹೇಳಿದೆನಲ್ಲ ಕಂದ, ಅದು ಕತೆ. ಸೂರ್ಯನಿಗೆ ಬಾಯಿ ಇಲ್ಲ. ನೀರು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಗಾಳಿಯಲ್ಲಿ ಸೇರಿಕೊಂಡಿದೆ. ಇದೇ ಕೋಣೆಯಲ್ಲೂ ಇದೆ. ಬಾ, ಹಿಡಿದು ತೋರಿಸುತ್ತೇನೆ.’ ಕೆರೆ ಎಂದಿಗೂ ಬತ್ತುವುದಿಲ್ಲ ಎಂದು ಮಾತು ಕೊಡಬೇಡಿ. ದೀರ್ಘ ಬೇಸಿಗೆಯಲ್ಲಿ ಸಣ್ಣ ಕೆರೆಗಳು ಬತ್ತುತ್ತವೆ, ಒಂದು ದಿನ ಅವನೇ ಅದನ್ನು ನೋಡಿಯಾನು. ದೊಡ್ಡ ಕೆರೆಯಲ್ಲಿ ಒಂದು ದಿನಕ್ಕೆ ಇಳಿಯುವುದು ತೆಳುವಾದ ಒಂದು ಪದರ ಮಾತ್ರ, ಗಾಳಿಗೆ ಏರಿದ ನೀರು ಒಟ್ಟುಗೂಡಿ ಮತ್ತೆ ಮಳೆಯಾಗುತ್ತದೆ ಎಂದು ಹೇಳಿ, ಅದು ನಿಜ. ವಾತಾವರಣಕ್ಕೆ ಏರಿದ ನೀರು ಅಲ್ಲಿ ಉಳಿಯುವುದು ಸರಾಸರಿ ಒಂಬತ್ತು ದಿನಗಳಷ್ಟೇ. ಸೂರ್ಯ ಅದನ್ನು ಕೂಡಿಟ್ಟುಕೊಳ್ಳುವುದಿಲ್ಲ.

ಇನ್ನೊಂದು ಎಚ್ಚರಿಕೆ. ‘ನೀರು ಮುಗಿದುಹೋಗುತ್ತದೆ, ಉಳಿಸಿ’ ಎನ್ನುವ ಘೋಷಣೆಗಳನ್ನು ಸದ್ಯಕ್ಕೆ ಇವನಿಂದ ದೂರವಿಡಿ. ಭೂಮಿಯ ಒಟ್ಟು ನೀರು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅದರಲ್ಲಿ ನೂರಕ್ಕೆ ಸುಮಾರು 97 ಭಾಗ ಸಮುದ್ರದ ಉಪ್ಪುನೀರು, ಉಳಿದ ಸಿಹಿನೀರಿನ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಹಿಮಗಡ್ಡೆಯ ರೂಪದಲ್ಲಿದೆ. ನಮಗೆ ಬೇಕಾದ ಕಡೆ, ಬೇಕಾದ ಕಾಲಕ್ಕೆ ಶುದ್ಧ ನೀರು ಸಿಗದಿರುವುದೇ ಕೊರತೆ. ಆ ವ್ಯತ್ಯಾಸ ತಿಳಿಯುವ ವಯಸ್ಸು ಬಂದಾಗ ನೀರು ಉಳಿಸುವ ಮಾತು ಚೆನ್ನಾಗಿ ನಾಟುತ್ತದೆ. ಹೆದರಿದ ಮಗುವಿಗೆ ಅದು ಹೆದರಿಕೆಯನ್ನು ಖಚಿತಪಡಿಸುವ ಸುದ್ದಿಯಾಗುತ್ತದೆ.

ಈಗ ಒಣಗುವ ವಿಷಯಕ್ಕೆ ಬರೋಣ. ನೀವು ಒರೆಸಿದ ನೆಲದ ಮೇಲೆ ಆ ದಿನ ಬಿಸಿಲು ಬಿದ್ದಿತ್ತೇ? ಬಹುಶಃ ಇಲ್ಲ. ಅದನ್ನೇ ಅವನಿಗೆ ಪ್ರಶ್ನೆಯಾಗಿ ಕೊಡಿ. ನೀರು ಆವಿಯಾಗಲು ಕುದಿಯಬೇಕಿಲ್ಲ, ಬಿಸಿಲೂ ಬೇಕೆಂದಿಲ್ಲ. ನೆರಳಿನಲ್ಲಿ, ರಾತ್ರಿಯಲ್ಲಿ, ತಣ್ಣನೆಯ ದಿನದಲ್ಲೂ ನೀರಿನ ಮೇಲ್ಮೈಯಿಂದ ಒಂದಿಷ್ಟು ನೀರು ಗಾಳಿಗೆ ಸೇರುತ್ತಲೇ ಇರುತ್ತದೆ. ಶಾಖ, ಬೀಸುವ ಗಾಳಿ, ಹರಡಿದ ಮೇಲ್ಮೈ ಇವು ಅದನ್ನು ಚುರುಕುಗೊಳಿಸುತ್ತವೆ, ಗಾಳಿಯಲ್ಲಿ ಈಗಾಗಲೇ ತೇವ ಹೆಚ್ಚಿದ್ದರೆ ಅದು ನಿಧಾನವಾಗುತ್ತದೆ. ಒಂದೇ ಅಳತೆಯ ಎರಡು ಒದ್ದೆ ಬಟ್ಟೆಗಳನ್ನು ಒಂದನ್ನು ಬಿಸಿಲಿಗೆ, ಇನ್ನೊಂದನ್ನು ನೆರಳಿಗೆ ಹಾಕಿಸಿ. ಎರಡೂ ಒಣಗುತ್ತವೆ, ಸಮಯ ಮಾತ್ರ ಬೇರೆ. ಹಾಕುವ ಮೊದಲೇ ‘ಯಾವುದು ಒಣಗುತ್ತದೆ?’ ಎಂದು ಕೇಳಿ, ಅವನ ಉತ್ತರವನ್ನು ತಿದ್ದಬೇಡಿ. ಮೊದಲು ಊಹಿಸಿದ ಮಗು ಆಮೇಲೆ ನಿಜವಾಗಿ ನೋಡುತ್ತದೆ. ಊಹಿಸದ ಮಗು ನಾವು ತೋರಿಸಿದ್ದಕ್ಕೆ ಸುಮ್ಮನೆ ತಲೆಯಾಡಿಸುತ್ತದೆ. ಈ ಒಂದು ಅಭ್ಯಾಸವನ್ನು ನೀವು ರೂಢಿಸಿಕೊಂಡರೆ ಉಳಿದ ಪ್ರಯೋಗಗಳಲ್ಲಿ ಅರ್ಧವನ್ನು ಮಾಡದಿದ್ದರೂ ನಡೆಯುತ್ತದೆ.

‘ಸೂರ್ಯ ಅಲ್ಲ, ಹಾಗಾದರೆ ನೆಲ ಕುಡಿಯಿತು’ ಎಂದು ಅವನು ಮುಂದೆ ಹೇಳಿಯಾನು. ಮಕ್ಕಳ ಯೋಚನೆ ಈ ದಾರಿಯಲ್ಲಿ ಸಾಗುವುದು ಸಾಮಾನ್ಯ: ಮೊದಲು ನೀರು ಇಲ್ಲವಾಯಿತು ಎನ್ನುತ್ತಾರೆ, ಆಮೇಲೆ ನೆಲಕ್ಕೆ ಇಂಗಿತು, ಆಮೇಲೆ ಆಕಾಶಕ್ಕೆ ಹೋಯಿತು, ಕೊನೆಗೆ ಸುತ್ತಲಿನ ಗಾಳಿಯಲ್ಲಿದೆ. ಮಣ್ಣಿನ ಮೇಲೆ ಸುರಿದ ನೀರು ನಿಜವಾಗಿಯೂ ಇಂಗುತ್ತದೆ, ಆದ್ದರಿಂದ ಆ ಊಹೆಯನ್ನು ತಳ್ಳಿಹಾಕಬೇಡಿ. ಒಂದು ಚಮಚ ನೀರನ್ನು ಸ್ಟೀಲ್ ತಟ್ಟೆಯಲ್ಲಿ, ಅಷ್ಟೇ ನೀರನ್ನು ಬಿಗಿಯಾಗಿ ಮುಚ್ಚಿದ ಪುಟ್ಟ ಡಬ್ಬಿಯಲ್ಲಿ ಇಟ್ಟು ಮಾರನೆಯ ದಿನ ನೋಡಿ. ತಟ್ಟೆಗೆ ಇಂಗಲು ದಾರಿಯಿಲ್ಲ, ಆದರೂ ನೀರಿಲ್ಲ. ಡಬ್ಬಿಯಲ್ಲಿ ಹಾಗೆಯೇ ಇದೆ. ಮೋಡ ಕವಿದ ತೇವದ ದಿನಗಳಲ್ಲಿ ತಟ್ಟೆ ಒಣಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಆಗ ಪ್ರಯೋಗ ಕೆಟ್ಟಿತು ಎಂದು ಎತ್ತಿಡಬೇಡಿ, ಕಾಯುವುದೂ ಇದರ ಭಾಗ.

ಹೋದ ನೀರು ಮರಳುವುದನ್ನು ತೋರಿಸಲು ಅವನ ‘ಸೋರುವ ಲೋಟ’ಕ್ಕಿಂತ ಒಳ್ಳೆಯ ಸಾಧನ ಇಲ್ಲ. ಲೋಟ ಸೋರುತ್ತಿದೆ ಎಂಬ ಅವನ ಮಾತನ್ನು ನಿಜವಾಗಿ ಪರೀಕ್ಷಿಸಿ. ತಣ್ಣೀರಿಗೆ ಬಣ್ಣ ಬೆರೆಸಿ, ಹೊರಗಿನ ಹನಿಯನ್ನು ಬಿಳಿ ಬಟ್ಟೆಯಿಂದ ಒರೆಸಿ; ಬಟ್ಟೆಗೆ ಬಣ್ಣ ಹತ್ತುವುದಿಲ್ಲ. ಜಾಣ ಮಗು ಇಲ್ಲೂ ಒಂದು ತಕರಾರು ತೆಗೆಯಬಹುದು, ಬಣ್ಣ ಒಳಗೇ ನಿಂತು ನೀರು ಮಾತ್ರ ಬಂದಿದೆ ಎಂದು. ಅದಕ್ಕೆ ಮುಂದಿನ ಪರೀಕ್ಷೆ: ಒಂದು ದಪ್ಪನೆಯ ಖಾಲಿ ಪಾತ್ರೆಯನ್ನು ಚೆನ್ನಾಗಿ ಒರೆಸಿ, ಮುಚ್ಚಳ ಹಾಕಿ ಫ್ರಿಜ್ಜಿನಲ್ಲಿ ಇಡಿ. ಕೆಲವು ಗಂಟೆಗಳ ನಂತರ ಹೊರತೆಗೆದು ಮೇಜಿನ ಮೇಲಿಟ್ಟು ಅವನನ್ನೇ ಕಾವಲು ಕೂರಿಸಿ. ಒಳಗೆ ಒಂದು ತೊಟ್ಟು ನೀರಿಲ್ಲದ ಪಾತ್ರೆಯ ಹೊರಮೈ ಮಬ್ಬಾಗಿ, ಬೆರಳಿಟ್ಟರೆ ಒದ್ದೆಯಾಗುತ್ತದೆ. ಈ ನೀರು ಎಲ್ಲಿಂದ ಬಂತು ಎಂದು ಕೇಳಿ ಸುಮ್ಮನಿರಿ. ತುಂಬಾ ಹೊತ್ತು ಸುಮ್ಮನಿರಿ. ಗಾಳಿಯಿಂದ ಎಂದು ಮಗು ತಾನೇ ಹೇಳಿದ ಗಳಿಗೆ, ನನ್ನ ಪ್ರಕಾರ, ಬಾಲ್ಯದ ವಿಜ್ಞಾನದ ಅತಿ ದೊಡ್ಡ ಗಳಿಗೆಗಳಲ್ಲಿ ಒಂದು. ಅವನು ಹೇಳದಿದ್ದರೆ ನೀವೇ ಹೇಳಬೇಡಿ, ಇನ್ನೊಂದು ದಿನ ಮತ್ತೆ ಮಾಡಿ. ಗಾಳಿ ಬಹಳ ಒಣಗಿರುವ ದಿನ ಪಾತ್ರೆ ಒದ್ದೆಯಾಗದಿರಬಹುದು. ಆಗ ಅವನು ಕನ್ನಡಿಯ ಮೇಲೆ ಬಾಯಿಯಿಂದ ಹಾ ಎಂದು ಉಸಿರು ಬಿಡಲಿ, ಅವನ ಉಸಿರಿನಲ್ಲಿದ್ದ ನೀರೇ ಅಲ್ಲಿ ಕೂರುತ್ತದೆ.

ಇದು ಗಟ್ಟಿಯಾದರೆ ಪ್ರಕೃತಿಯಲ್ಲಿ ಕಾಣುವ ಉಳಿದ ರೂಪಗಳು ಒಂದೊಂದಾಗಿ ಅದರ ಹಿಂದೆಯೇ ಬರುತ್ತವೆ. ಇಬ್ಬನಿ ಆಕಾಶದಿಂದ ಉದುರುವುದಿಲ್ಲ. ರಾತ್ರಿ ತಣ್ಣಗಾದ ಎಲೆಯ ಮೇಲೆ ಗಾಳಿಯ ಆವಿ ಹನಿಯಾಗಿ ಕೂರುತ್ತದೆ, ನಿಮ್ಮ ಪಾತ್ರೆಯ ಮೇಲೆ ಕೂತಂತೆಯೇ. ಚಳಿ ಹೆಚ್ಚಾಗಿ ಎಲೆಯ ಮೈ ಸೊನ್ನೆ ಡಿಗ್ರಿಗಿಂತ ಕೆಳಗಿಳಿದರೆ ಅದೇ ಆವಿ ನೀರಾಗದೆ ನೇರವಾಗಿ ಹರಳಾಗುತ್ತದೆ.

ಮೋಡದ ಬಗ್ಗೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ದೊಡ್ಡವರಲ್ಲೂ ತಪ್ಪು ತಿಳಿವಳಿಕೆ ಇರುವುದು ಇಲ್ಲಿಯೇ. ಮೋಡ ಎಂದರೆ ಆವಿ ಎಂದು ಅನೇಕರು ಹೇಳಿಕೊಡುತ್ತಾರೆ. ಆವಿ ಕಣ್ಣಿಗೆ ಕಾಣುವುದಿಲ್ಲ. ಕಂಡರೆ ಅದು ಆವಿಯಲ್ಲ. ಮೋಡದಲ್ಲಿ ನಮಗೆ ಕಾಣುವುದು ಅತಿ ಸಣ್ಣ ನೀರಿನ ಹನಿಗಳು, ಬಹಳ ಎತ್ತರದ ಮೋಡಗಳಲ್ಲಾದರೆ ಹಿಮದ ಹರಳುಗಳು. ಮೋಡದ ಒಂದು ಹನಿಯ ಅಗಲ ಸುಮಾರು 0.02 ಮಿಲಿಮೀಟರ್, ಅಂತಹ ಸುಮಾರು ಹತ್ತು ಲಕ್ಷ ಹನಿಗಳು ಸೇರಿದರೆ ಒಂದು ಮಳೆಹನಿ. ಹಾಗಿದ್ದರೆ ಮೋಡ ಏಕೆ ಬೀಳುವುದಿಲ್ಲ ಎಂದು ಅವನು ಕೇಳಿಯೇ ಕೇಳುತ್ತಾನೆ. ಬೀಳುತ್ತಿರುತ್ತದೆ, ಆದರೆ ಅಷ್ಟು ಚಿಕ್ಕ ಹನಿ ಸೆಕೆಂಡಿಗೆ ಸುಮಾರು ಒಂದು ಸೆಂಟಿಮೀಟರಿನಷ್ಟು ಮಾತ್ರ ಇಳಿಯುತ್ತದೆ, ಕೆಳಗಿನಿಂದ ಏರುವ ಗಾಳಿ ಅದನ್ನು ಮತ್ತೆ ಮೇಲೆತ್ತುತ್ತದೆ. ಬಿಸಿಲಿನ ಕಿರಣದಲ್ಲಿ ತೇಲುವ ದೂಳನ್ನು ತೋರಿಸಿದರೆ ಮಕ್ಕಳಿಗೆ ಇದು ತಟ್ಟನೆ ಹೊಳೆಯುತ್ತದೆ. ಅಂದಹಾಗೆ, ಗಾಳಿಯಲ್ಲಿರುವ ದೂಳು ಮತ್ತು ಉಪ್ಪಿನ ಕಣಗಳೇ ಮೋಡದ ಹನಿ ಮೊದಲು ಕಟ್ಟಿಕೊಳ್ಳುವ ಜಾಗ. ‘ಹತ್ತಿ’ ಎಂದದ್ದಕ್ಕೆ ಅವನನ್ನು ಗದರಿಸಬೇಡಿ, ಮಂಜು ಕವಿದ ಬೆಳಿಗ್ಗೆ ಹೊರಗೆ ಕರೆದುಕೊಂಡು ಹೋಗಿ. ಮಂಜು ಎಂದರೆ ನೆಲಕ್ಕಿಳಿದ ಮೋಡ. ಅದರೊಳಗೆ ನಡೆದು, ಕೂದಲು ಒದ್ದೆ ಮಾಡಿಕೊಂಡು ಬಂದ ಮಗುವಿಗೆ ಹತ್ತಿಯ ಮಾತು ತಾನೇ ಬಿಟ್ಟುಹೋಗುತ್ತದೆ. ಮೋಡಗಳು ಡಿಕ್ಕಿ ಹೊಡೆದು ಗುಡುಗುತ್ತವೆ ಎನ್ನುವುದೂ ಕತೆಯೇ. ಮಿಂಚು ಹಾದ ದಾರಿಯ ಗಾಳಿ ಒಮ್ಮೆಲೇ ಅತಿಯಾಗಿ ಕಾದು ಹಿಗ್ಗುವುದರಿಂದ ಆ ಶಬ್ದ.

ಅಕ್ಕ ಹೇಳಿದ ಕುದಿಸುವ ಪ್ರಯೋಗದಲ್ಲಿ ಒಂದು ಒಳ್ಳೆಯ ಅಂಶವಿದೆ. ಕೆಟಲಿನ ಮೂತಿಗೆ ತೀರಾ ಹತ್ತಿರ, ಹಬೆ ಕಾಣಿಸಿಕೊಳ್ಳುವ ಮೊದಲು ಸ್ವಲ್ಪ ಜಾಗ ಖಾಲಿ ಇರುವಂತೆ ಕಾಣುತ್ತದೆ. ನಿಜವಾದ ಆವಿ ಇರುವುದು ಅಲ್ಲಿ. ಬಿಳಿಯಾಗಿ ಕಾಣುವ ಹಬೆ ಆಗಲೇ ತಣಿದು ಪುಟ್ಟ ಹನಿಗಳಾದ ನೀರು. ಆದರೂ ಎರಡು ವರ್ಷದ ಮಗು ಓಡಾಡುವ ಮನೆಯಲ್ಲಿ ಇದನ್ನು ಮಾಡಬೇಡಿ ಎಂದೇ ನಾನು ಹೇಳುತ್ತೇನೆ. ಆವಿ ಚರ್ಮಕ್ಕೆ ತಾಗಿ ನೀರಾಗುವಾಗ ಬಿಟ್ಟುಕೊಡುವ ಶಾಖ, ಅಷ್ಟೇ ನೀರನ್ನು ಸೊನ್ನೆಯಿಂದ ನೂರು ಡಿಗ್ರಿಗೆ ಕಾಯಿಸಲು ಬೇಕಾದ ಶಾಖದ ಐದು ಪಟ್ಟಿಗೂ ಹೆಚ್ಚು. ಆವಿಯ ಸುಟ್ಟಗಾಯ ಅಷ್ಟು ಘೋರವಾಗುವುದು ಅದಕ್ಕೇ. ಅಕಸ್ಮಾತ್ ಯಾರಿಗಾದರೂ ಸುಟ್ಟರೆ ಮಂಜುಗಡ್ಡೆ ಹಚ್ಚದೆ, ಹರಿಯುವ ತಂಪು ನೀರಿನಡಿ 20 ನಿಮಿಷ ಹಿಡಿದು ವೈದ್ಯರ ಬಳಿಗೆ ಹೋಗಿ. ಸುರಕ್ಷತೆಯ ಮಾತು ಹಾಗಿರಲಿ, ಕಲಿಕೆಯ ದೃಷ್ಟಿಯಿಂದಲೂ ಕುದಿಸುವುದರಿಂದ ಶುರುಮಾಡುವುದು ನನಗೆ ಒಪ್ಪಿಗೆಯಿಲ್ಲ. ಆವಿಯಾಗಲು ಬೆಂಕಿ ಬೇಕು ಎಂಬ ತಪ್ಪು ಎಣಿಕೆ ಮನಸ್ಸಿನಲ್ಲಿ ಕೂತುಬಿಡುತ್ತದೆ. ಆಮೇಲೆ ಒಣಗುವ ನೆಲವನ್ನು ಆ ಮಗು ಅದಕ್ಕೆ ಜೋಡಿಸಲಾರದು.

ಮಂಜುಗಡ್ಡೆ ಆಡಲಿಕ್ಕೆ ಬಹಳ ಚೆನ್ನ, ಆದರೆ ಚಿಕ್ಕ ತುಂಡುಗಳು ಮಗಳ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಒಂದು ಬಟ್ಟಲಿನಲ್ಲಿ ದೊಡ್ಡ ಗಡ್ಡೆ ಮಾಡಿ, ಫ್ರೀಜರಿನಿಂದ ತೆಗೆದ ಮೇಲೆ ಮೈ ಸ್ವಲ್ಪ ಒದ್ದೆಯಾಗುವವರೆಗೆ ಬಿಟ್ಟು ಕೊಡಿ. ಗಾಜಿನ ಬಾಟಲಿಯಲ್ಲಿ ನೀರು ತುಂಬಿ ಎಂದಿಗೂ ಫ್ರೀಜರಿಗೆ ಇಡಬೇಡಿ. ಹೆಪ್ಪುಗಟ್ಟುವಾಗ ನೀರು ಸುಮಾರು 9 ಪ್ರತಿಶತ ಹಿಗ್ಗುತ್ತದೆ, ಗಾಜು ಒಡೆಯುತ್ತದೆ. ಮುಚ್ಚಳವಿಲ್ಲದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅರ್ಧ ನೀರು ಹಾಕಿ, ಮಟ್ಟಕ್ಕೆ ಗೆರೆ ಎಳೆದು ಇಟ್ಟರೆ ಆ ಹಿಗ್ಗುವಿಕೆಯೇ ಒಂದು ಪಾಠ. ಹಿಗ್ಗಿದ್ದರಿಂದಲೇ ಮಂಜುಗಡ್ಡೆ ತೇಲುತ್ತದೆ. ಮೀನುಗಳ ಬಗ್ಗೆ ಇಷ್ಟು ಮರುಗುವ ನಿಮ್ಮ ಮಗನಿಗೆ ಇದನ್ನು ಖಂಡಿತ ಹೇಳಿ: ಚಳಿಯ ದೇಶಗಳಲ್ಲಿ ಸರೋವರ ಮೇಲಿನಿಂದ ಹೆಪ್ಪುಗಟ್ಟುತ್ತದೆ, ಸುಮಾರು 4 ಡಿಗ್ರಿಯ ನೀರು ಎಲ್ಲಕ್ಕಿಂತ ಭಾರವಾದ್ದರಿಂದ ತಳದಲ್ಲಿ ಉಳಿಯುತ್ತದೆ, ಮೀನುಗಳು ಅಲ್ಲಿ ಚಳಿಗಾಲ ಕಳೆಯುತ್ತವೆ.

ಹೊರಗೆ ನೀರಿನ ಗುಂಡಿಯ ಸುತ್ತ ಸೀಮೆಸುಣ್ಣದಿಂದ ಗೆರೆ ಹಾಕಿ, ಗಂಟೆಗೊಮ್ಮೆ ಅದು ಕುಗ್ಗುವುದನ್ನು ನೋಡುವುದು ಅವನಿಗೆ ಇಷ್ಟವಾಗಬಹುದು. ಆದರೆ ಎಲ್ಲೇ ಆಗಲಿ, ನೀರಿನ ಬಳಿ ಮಗಳು ನಿಮ್ಮ ಕೈಗೆ ಎಟುಕುವ ದೂರದಲ್ಲೇ ಇರಬೇಕು. ಕೆಲವೇ ಸೆಂಟಿಮೀಟರ್ ಆಳದ ನೀರಿನಲ್ಲೂ ಎರಡು ವರ್ಷದ ಮಗು ಮುಳುಗಬಹುದು, ಸದ್ದೂ ಬರುವುದಿಲ್ಲ. ಆಟ ಮುಗಿದ ತಕ್ಷಣ ಬಕೆಟ್ಟು, ಟಬ್ಬುಗಳನ್ನು ಖಾಲಿ ಮಾಡಿ ಬೋರಲು ಹಾಕಿ.

ಶಾಲೆಯ ಬಾಯಿಪಾಠದಿಂದ ಕೇಡೇನಿಲ್ಲ, ಅದರ ಮೇಲೆ ಜಗಳ ಬೇಡ. ಘನ, ದ್ರವ, ಅನಿಲ ಎಂಬ ಹೆಸರುಗಳು ಏಳೆಂಟು ವರ್ಷಕ್ಕೆ ತಾವಾಗಿ ಜಾಗ ಹಿಡಿಯುತ್ತವೆ. ನನಗೆ ಹೆಚ್ಚು ಚಿಂತೆ ಜಲಚಕ್ರದ ಆ ಚಿತ್ರದ ಬಗ್ಗೆ. ಅದರಲ್ಲಿ ಸಾಮಾನ್ಯವಾಗಿ ಸಮುದ್ರದಿಂದ ಬಾಣಗಳು ಏರುತ್ತವೆ, ಬೆಟ್ಟದ ಮೇಲೆ ಮಳೆ ಸುರಿಯುತ್ತದೆ. ಹಾಗಾಗಿ ಆವಿಯಾಗುವುದು ಸಮುದ್ರದಲ್ಲಿ ಮಾತ್ರ, ಮಳೆ ಬೀಳುವುದು ಬೆಟ್ಟದಲ್ಲಿ ಮಾತ್ರ ಎಂದು ಮಕ್ಕಳು ತಿಳಿಯುತ್ತಾರೆ. ಭೂಮಿಯ ಮೇಲೆ ಆವಿಯಾಗುವ ನೀರಿನಲ್ಲಿ ಸುಮಾರು 86 ಪ್ರತಿಶತ ಸಮುದ್ರದ್ದು ನಿಜ, ಆದರೆ ಮಳೆಯ ಸುಮಾರು 78 ಪ್ರತಿಶತವೂ ಸಮುದ್ರದ ಮೇಲೆಯೇ ಬೀಳುತ್ತದೆ. ಮರಗಿಡಗಳ ಎಲೆಗಳಿಂದ, ಒದ್ದೆ ಮಣ್ಣಿನಿಂದ, ಒರೆಸಿದ ನೆಲದಿಂದ ಕೂಡ ಬಾಣಗಳು ಏಳಬೇಕು. ಅವನ ಚಿತ್ರವನ್ನು ತೆಗೆದುಕೊಂಡು ‘ನಮ್ಮ ಮನೆ ಇದರಲ್ಲಿ ಎಲ್ಲಿ?’ ಎಂದು ಕೇಳಿ, ಬಟ್ಟೆ ಒಣಗುವ ಹಗ್ಗವನ್ನೂ ತಣ್ಣನೆಯ ಲೋಟವನ್ನೂ ಅವನೇ ಬಿಡಿಸಲಿ. ಅಂತರ್ಜಲವನ್ನು ನೆಲದಡಿಯ ನದಿಯಂತೆ ಬರೆದಿದ್ದರೆ, ಗಾಜಿನ ಪಾತ್ರೆಯಲ್ಲಿ ಜಲ್ಲಿ, ಮರಳು ತುಂಬಿ ನೀರು ಸುರಿದು ತೋರಿಸಿ. ಹೆಚ್ಚಿನ ಕಡೆ ನೀರು ನಿಲ್ಲುವುದು ಕಲ್ಲು ಮಣ್ಣಿನ ಸಂದುಗಳಲ್ಲಿ. ಸಮುದ್ರ ಉಪ್ಪಾದರೆ ಮಳೆ ಏಕೆ ಉಪ್ಪಲ್ಲ ಎನ್ನುವ ಪ್ರಶ್ನೆಗೆ, ಉಪ್ಪುನೀರು ಒಣಗಿದ ತಟ್ಟೆಯಲ್ಲಿ ಉಳಿದ ಬಿಳಿ ಹುಡಿಯೇ ಉತ್ತರ ಕೊಡುತ್ತದೆ.

ವಿಡಿಯೊಗಳನ್ನು ಇವೆಲ್ಲ ಆದ ಮೇಲೆ ತೋರಿಸಿ. ಮೊದಲೇ ತೋರಿಸಿದರೆ ನಗುವ ಹನಿಗಳು, ಅಳುವ ಮೋಡಗಳು ಮತ್ತೊಂದು ಕತೆಯಾಗಿ ತಲೆಯಲ್ಲಿ ಕೂರುತ್ತವೆ.

ಬಾಟಲಿ ಪಕ್ಕದಲ್ಲಿಟ್ಟು ಮಲಗುವುದನ್ನು ಬಲವಂತವಾಗಿ ಬಿಡಿಸಬೇಡಿ, ನೆಮ್ಮದಿ ಬಂದಂತೆ ತಾನೇ ಬಿಟ್ಟಾನು. ಇಷ್ಟೆಲ್ಲ ಆದ ಮೇಲೂ ಕೆಲವು ವಾರಗಳಲ್ಲಿ ಹೆದರಿಕೆ ತಗ್ಗದಿದ್ದರೆ, ನಿದ್ದೆ ಕೆಟ್ಟರೆ, ಹೊರಗೆ ಆಡಲು ಒಲ್ಲೆ ಎಂದರೆ, ನೀರು ಮುಗಿದೀತೆಂದು ಕುಡಿಯಲೂ ಹಿಂಜರಿದರೆ ಮಕ್ಕಳ ವೈದ್ಯರೊಂದಿಗೆ ಮಾತನಾಡಿ. ಆಗ ವಿಷಯ ನೀರಿನ ಪಾಠವನ್ನು ದಾಟಿದೆ ಎಂದರ್ಥ, ಅದಕ್ಕೆ ಬೇರೆ ನೆರವು ಬೇಕು.